ಊರಿನ ಕೆಲಸ ದೆಹಲಿಯಲ್ಲೇ ಇದೆ: ಸಂಸದರ ಬಳಿ ನಾವು ಏನು ಕೇಳಬೇಕು?

"ನಮ್ಮ ಎಂಪಿ ಗೆದ್ದ ಮೇಲೆ ಈ ಕಡೆ ತಲೆ ಹಾಕಿಯೂ ಮಲಗಿಲ್ಲ." ಈ ಮಾತು ಕೇಳಿಬರದ ಊರು ಕರ್ನಾಟಕದಲ್ಲಿ ಸಿಗುವುದು ಕಷ್ಟ. ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಸೊಸೈಟಿಯ ಜಗಲಿಯಲ್ಲಿ ನಾನೂ ಇದನ್ನು ಕೇಳಿದ್ದೇನೆ. ನಾನೂ ಹೇಳಿದ್ದೇನೆ. ಆ ಮಾತಿನಲ್ಲಿ ನೋವಿದೆ, ನ್ಯಾಯವೂ ಇದೆ. ಆದರೆ ಅವರು ನಾಳೆಯೇ ಬಂದು ಎದುರಿಗೆ ಕೂತರು ಅಂತಿಟ್ಟುಕೊಳ್ಳಿ. ನಾವು ಕೇಳುವುದು ಏನನ್ನು?

ಸಂಸದರ ಕಚೇರಿಯಲ್ಲಿ ಬೆಳಿಗ್ಗೆ ಒಂದು ಗಂಟೆ ಕೂತರೆ ಗೊತ್ತಾಗುತ್ತದೆ. ಚರಂಡಿ ಕಟ್ಟಿಕೊಂಡಿದೆ. ಪಹಣಿಯಲ್ಲಿ ಹೆಸರು ತಪ್ಪಾಗಿದೆ. ಟೀಚರ್ ಆಗಿರುವ ಮಗಳಿಗೆ ವರ್ಗಾವಣೆ ಬೇಕು. ಸರ್ಕಲ್ಲಿನಲ್ಲಿ ಹೈಮಾಸ್ಟ್ ದೀಪ ಬೇಕು. ಎಕ್ಸ್‌ಪ್ರೆಸ್ ರೈಲು ನಮ್ಮ ಊರಲ್ಲಿ ಒಂದು ನಿಮಿಷ ನಿಲ್ಲಬೇಕು. ಅಪ್ಪನ ಆಪರೇಷನ್ನಿಗೆ ಪ್ರಧಾನಿ ಪರಿಹಾರ ನಿಧಿಯಿಂದ ಸಹಾಯ ಕೇಳಲು ಒಂದು ಪತ್ರ ಬೇಕು. ಕೇಂದ್ರೀಯ ವಿದ್ಯಾಲಯದಲ್ಲಿ ಮಗುವಿಗೆ ಸೀಟು ಬೇಕು ಎಂಬ ಕೋರಿಕೆಯೂ ಮೊದಲು ಬಹಳ ಇರುತ್ತಿತ್ತು. ವರ್ಷಕ್ಕೆ 10 ಮಕ್ಕಳನ್ನು ಶಿಫಾರಸು ಮಾಡುವ ಆ ಸಂಸದರ ಕೋಟಾವನ್ನು 2022ರಲ್ಲಿ ತೆಗೆದುಹಾಕಿದರು.

ಇವುಗಳಲ್ಲಿ ಯಾವುದೂ ಸಣ್ಣ ವಿಷಯವಲ್ಲ. ಕೇಳುವವರಿಗೆ ಅದೇ ಬದುಕು. ಆದರೆ ಹೆಚ್ಚಿನವು ಸಂಸದರ ಕೈಯಲ್ಲಿ ಇಲ್ಲ. ಚರಂಡಿ ಗ್ರಾಮ ಪಂಚಾಯಿತಿಯದು. ಪಹಣಿ ತಹಶೀಲ್ದಾರರದು. ವರ್ಗಾವಣೆ ರಾಜ್ಯ ಸರ್ಕಾರದ್ದು. 1993ರಲ್ಲಿ ಜಾರಿಯಾದ ಸಂವಿಧಾನದ 73ನೇ ತಿದ್ದುಪಡಿ ಪಂಚಾಯಿತಿಗಳಿಗೆಂದೇ 29 ವಿಷಯಗಳ ಪಟ್ಟಿ ಕೊಟ್ಟಿದೆ. ಇದು ಗೊತ್ತಿದ್ದೂ ಜನ ಎಂಪಿ ಮನೆ ಬಾಗಿಲಿಗೆ ಹೋಗುತ್ತಾರೆ. ಯಾಕೆಂದರೆ ನಮ್ಮ ಅರ್ಜಿಗೆ ಅಲುಗಾಡದ ಕಡತ ಎಂಪಿ ಒಂದು ಫೋನ್ ಮಾಡಿದರೆ ಅಲುಗಾಡುತ್ತದೆ.

ಇಲ್ಲಿಂದಲೇ ಒಂದು ತಪ್ಪು ಎಣಿಕೆ ಬೆಳೆಯುತ್ತದೆ. ಸಂಸದರಿಗೆ ಎರಡು ಕೆಲಸ, ದೆಹಲಿಯಲ್ಲಿ ದೇಶದ ಕೆಲಸ, ಕ್ಷೇತ್ರದಲ್ಲಿ ಊರಿನ ಕೆಲಸ ಅಂತ. ಒಂದನ್ನು ಹಿಡಿದರೆ ಇನ್ನೊಂದು ಕೈಬಿಟ್ಟಂತೆ ಅಂತ. ನನಗೆ ಹಾಗೆ ಅನ್ನಿಸುವುದಿಲ್ಲ. ಬೇರೆ ಯಾರೂ ಮಾಡಲಾಗದ, ಸಂಸದರು ಮಾತ್ರ ಮಾಡಬಹುದಾದ ಊರಿನ ಕೆಲಸ ಇರುವುದೇ ದೆಹಲಿಯಲ್ಲಿ. ಅಡಿಕೆಯನ್ನೇ ತೆಗೆದುಕೊಳ್ಳಿ.

ಒಂದು ಅಡಿಕೆ, ನಾಲ್ಕು ಸಚಿವಾಲಯ

ತೀರ್ಥಹಳ್ಳಿಯಲ್ಲೋ ಶಿರಸಿಯಲ್ಲೋ ಸುಳ್ಯದಲ್ಲೋ ಎರಡು ಎಕರೆ ತೋಟ ಇರುವ ಒಂದು ಮನೆ. ಅವರ ಕಷ್ಟ ತೀರಾ ಊರಿನ ಕಷ್ಟ. ಮರದ ಸೋಗೆಯಲ್ಲಿ ಎಲೆಚುಕ್ಕಿ ರೋಗ. ಮಳೆ ಬಿಡುವು ಕೊಡದೆ ಕೊಳೆರೋಗ. ಮಂಡಿಗೆ ಹೋದರೆ ದರ ಇಳಿದಿದೆ. ಬೆಳೆ ವಿಮೆ ಕಟ್ಟಿದ್ದರೂ ಪಂಚಾಯಿತಿಯ ಮಳೆಮಾಪನ ಯಂತ್ರ ಕೆಟ್ಟಿದ್ದರೆ ಬಿದ್ದ ಮಳೆಗೆ ಲೆಕ್ಕವೇ ಇಲ್ಲ.

ಈಗ ಒಂದೊಂದೇ ಎಳೆ ಹಿಡಿದು ಹೋಗೋಣ. ಹೊರದೇಶದ ಅಗ್ಗದ ಅಡಿಕೆ ಬಂದರೆ ಇಲ್ಲಿ ದರ ಬೀಳುತ್ತದೆ. ಅದನ್ನು ತಡೆಯಲು ಕನಿಷ್ಠ ಆಮದು ಬೆಲೆ ಅಂತ ಒಂದಿದೆ. ಅದಕ್ಕಿಂತ ಕಡಿಮೆ ದರ ತೋರಿಸಿದ ಮಾಲು ಒಳಗೆ ಬರುವ ಹಾಗಿಲ್ಲ. 2023ರ ಫೆಬ್ರವರಿಯಲ್ಲಿ ಅದನ್ನು ಕೆ.ಜಿ.ಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದರು. ಏರಿಸಿದ್ದು ವಾಣಿಜ್ಯ ಸಚಿವಾಲಯ. ಅದಕ್ಕೆ ಕೆಲವು ತಿಂಗಳ ಮೊದಲು, 2022ರ ಸೆಪ್ಟೆಂಬರಿನಲ್ಲಿ, ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ಈ ಬೆಲೆಯ ಕಟ್ಟು ಇಲ್ಲದೆ ಬರಲು ಅನುಮತಿ ಕೊಟ್ಟದ್ದೂ ಅದೇ ಸಚಿವಾಲಯ. ಗಡಿಯಲ್ಲಿ, ಬಂದರಿನಲ್ಲಿ ಕಳ್ಳ ಮಾಲು ಹಿಡಿಯಬೇಕಾದ ಕಸ್ಟಮ್ಸ್ ಇಲಾಖೆ ಹಣಕಾಸು ಸಚಿವಾಲಯದ ಕೆಳಗೆ ಬರುತ್ತದೆ. ರೋಗದ ಸಂಶೋಧನೆ ಮಾಡಬೇಕಾದ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಬೆಳೆ ವಿಮೆ, ಇವೆರಡೂ ಕೃಷಿ ಸಚಿವಾಲಯದ ದಾರಿ. ಇನ್ನು ಅಡಿಕೆಯ ಮೇಲೆ ಯಾವಾಗಲೂ ತೂಗುವ ಕತ್ತಿ ಒಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಅದಕ್ಕೆ ದೇಶ ಏನು ಉತ್ತರ ಕೊಡಬೇಕು, ಜನರ ಆರೋಗ್ಯವನ್ನೂ ಬೆಳೆಗಾರರ ಬದುಕನ್ನೂ ಹೇಗೆ ಒಟ್ಟಿಗೆ ನೋಡಬೇಕು ಎನ್ನುವುದು ಆರೋಗ್ಯ ಸಚಿವಾಲಯದ ಮೇಜಿನ ಮೇಲಿನ ಪ್ರಶ್ನೆ.

ಎರಡು ಎಕರೆ ತೋಟದ ಕಷ್ಟ ಹೀಗೆ ನಾಲ್ಕು ಕೇಂದ್ರ ಸಚಿವಾಲಯಗಳಲ್ಲಿ ಹಂಚಿಹೋಗಿದೆ. ಪಂಚಾಯಿತಿ ಅಧ್ಯಕ್ಷರು ಅಲ್ಲಿಗೆ ಹೋಗಲಾರರು. ಎಂಎಲ್‌ಎ ಹೋದರೂ ಮನವಿ ಕೊಟ್ಟು ಫೋಟೊ ತೆಗೆಸಿಕೊಂಡು ಬರಬಹುದು, ಅಷ್ಟೇ. ಆ ನಾಲ್ವರು ಸಚಿವರನ್ನು ಎದುರಿಗೆ ನಿಲ್ಲಿಸಿ ಉತ್ತರ ಕೇಳುವ ಹಕ್ಕು ಇರುವುದು ಸಂಸದರಿಗೆ ಮಾತ್ರ. ಆನೆ ತುಳಿದ ಸಕಲೇಶಪುರದ ಕಾಫಿ ತೋಟದ ಕಥೆಯೂ ಇದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೇಂದ್ರದ ಕಾಯ್ದೆ. ಮಹದಾಯಿ ನದಿ ನೀರಿನ ಕಥೆಯೂ ಹಾಗೆಯೇ. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ನೀರು ಕೊಟ್ಟಿತು. ಆಮೇಲೆ ಆ ನೀರು ತರುವ ಕಳಸಾ–ಬಂಡೂರಿ ಯೋಜನೆ ಸಿಕ್ಕಿಕೊಂಡಿದ್ದು ಕೇಂದ್ರದ ಅರಣ್ಯ ಮತ್ತು ವನ್ಯಜೀವಿ ಅನುಮತಿಗಳಲ್ಲಿ.

ತಲೆಗೆ 23 ರೂಪಾಯಿ

ಹೀಗಿರುವಾಗ ಸಂಸದರ "ಕೆಲಸ" ಅಂತ ನಾವು ಲೆಕ್ಕ ಹಾಕುವುದು ಯಾವುದನ್ನು? ಬಹಳ ಮಟ್ಟಿಗೆ ಸಂಸದರ ನಿಧಿಯನ್ನು. ಈ ಯೋಜನೆ ಶುರುವಾದದ್ದು 1993ರ ಡಿಸೆಂಬರಿನಲ್ಲಿ. ಮೊದಲ ವರ್ಷ ಒಬ್ಬರಿಗೆ 5 ಲಕ್ಷ ಇತ್ತು. 2011ರಿಂದ ವರ್ಷಕ್ಕೆ 5 ಕೋಟಿ. ಸಂಸದರು ಶಿಫಾರಸು ಮಾಡುತ್ತಾರೆ, ಜಿಲ್ಲಾಡಳಿತ ಮಾಡಿಸುತ್ತದೆ. ಸಮುದಾಯ ಭವನ, ಬಸ್ ತಂಗುದಾಣ, ಶಾಲಾ ಕೊಠಡಿಗಳ ಮೇಲೆ ಸಂಸದರ ಹೆಸರಿನ ಬೋರ್ಡು ಬರುವುದು ಇದರಿಂದಲೇ.

5 ಕೋಟಿ ದೊಡ್ಡ ಮೊತ್ತದ ಹಾಗೆ ಕೇಳಿಸುತ್ತದೆ. ಆದರೆ 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ 6.11 ಕೋಟಿ, ಲೋಕಸಭಾ ಕ್ಷೇತ್ರಗಳು 28. ಒಂದು ಕ್ಷೇತ್ರಕ್ಕೆ ಸುಮಾರು 22 ಲಕ್ಷ ಜನ. ಭಾಗಿಸಿ ನೋಡಿ. ತಲೆಗೆ ವರ್ಷಕ್ಕೆ 23 ರೂಪಾಯಿ. ಒಂದು ವಿಧಾನಸಭಾ ಕ್ಷೇತ್ರದ ಪಾಲಿಗೆ 62 ಲಕ್ಷ ಚಿಲ್ಲರೆ.

ಅದೇ ಸಂಸದರು 2025–26ರಲ್ಲಿ ಒಪ್ಪಿಗೆ ಕೊಟ್ಟ ಕೇಂದ್ರ ಬಜೆಟ್ 50 ಲಕ್ಷ ಕೋಟಿ ರೂಪಾಯಿಗೂ ಹೆಚ್ಚಿನದು. ಅಂದರೆ ಅವರ ನಿಧಿಯ ಹತ್ತು ಲಕ್ಷ ಪಟ್ಟು. 5 ಕೋಟಿಯ ಒಂದೊಂದು ರೂಪಾಯಿಗೂ ನಾವು ಲೆಕ್ಕ ಕೇಳುತ್ತೇವೆ, ಕೇಳಲೇಬೇಕು. ಆದರೆ 50 ಲಕ್ಷ ಕೋಟಿಯ ಚರ್ಚೆಯಲ್ಲಿ ನಮ್ಮವರು ಬಾಯಿ ಬಿಟ್ಟರಾ ಅಂತ ಕೇಳುವವರು ಬಹಳ ಕಡಿಮೆ. 2023ರ ಮಾರ್ಚಿನಲ್ಲಿ ಸುಮಾರು 45 ಲಕ್ಷ ಕೋಟಿಯ ಬಜೆಟ್ ಬೇಡಿಕೆಗಳು ಗದ್ದಲದ ನಡುವೆ, ಒಂದು ನಿಮಿಷದ ಚರ್ಚೆಯೂ ಇಲ್ಲದೆ ಲೋಕಸಭೆಯಲ್ಲಿ ಪಾಸಾದವು. ರೈಲ್ವೆಯ ಹಣವೂ ಅದರಲ್ಲಿತ್ತು, ಕೃಷಿಯದೂ ಇತ್ತು. ಆ ವಾರ ನಮ್ಮ ಜಿಲ್ಲೆಗಳಲ್ಲಿ ಯಾರೂ ಇದರ ಬಗ್ಗೆ ಸಂಸದರನ್ನು ಪ್ರಶ್ನಿಸಿದ ಸುದ್ದಿ ನನ್ನ ಕಣ್ಣಿಗೆ ಬೀಳಲಿಲ್ಲ. ಅದು ನನಗೆ ಈಗಲೂ ಬೇಸರದ ಸಂಗತಿ.

ಕೈಯಲ್ಲಿರುವ ಸಲಕರಣೆ

ಸಂಸದರ ಬಳಿ ಇರುವ ಮೊದಲ ಸಲಕರಣೆ ಪ್ರಶ್ನೆ. ಲೋಕಸಭೆಯಲ್ಲಿ ಬೆಳಿಗ್ಗೆ 11ರಿಂದ 12 ಪ್ರಶ್ನೋತ್ತರ ಅವಧಿ. ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು ಪಟ್ಟಿಯಲ್ಲಿರುತ್ತವೆ. ಇವಕ್ಕೆ ಸಚಿವರು ಸದನದಲ್ಲೇ ಉತ್ತರ ಹೇಳಬೇಕು, ಪೂರಕ ಪ್ರಶ್ನೆ ಕೇಳಬಹುದು. ಇನ್ನು 230 ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ. ಯಾರ ಪ್ರಶ್ನೆ ಬರುತ್ತದೆ ಎನ್ನುವುದು ಚೀಟಿ ಎತ್ತಿದ ಹಾಗೆ ಅದೃಷ್ಟದ ಮೇಲೆ. ಆದರೆ ಬರಹದ ಪ್ರಶ್ನೆಗೆ ಅವಕಾಶ ಜಾಸ್ತಿ.

ಪ್ರಶ್ನೆ ಹೇಗೆ ಕೇಳುತ್ತಾರೆ ಎನ್ನುವುದರಲ್ಲೇ ಎಲ್ಲ ಇದೆ. "ಅಡಿಕೆ ಬೆಳೆಗಾರರು ಕಷ್ಟದಲ್ಲಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?" ಅಂತ ಕೇಳಿದರೆ "ಬಂದಿದೆ, ಅಗತ್ಯ ಕ್ರಮ ಕೈಗೊಳ್ಳಲಾಗಿದೆ" ಅಂತ ಉತ್ತರ ಬರುತ್ತದೆ. ಮಾರನೆಯ ದಿನದ ಪೇಪರಿನಲ್ಲಿ ಸಂಸದರ ಫೋಟೊ ಬರುತ್ತದೆ. ಅಲ್ಲಿಗೆ ಮುಗಿಯಿತು. ಅದರ ಬದಲು ಹೀಗೆ ಕೇಳಿದರೆ? "2023ರ ಫೆಬ್ರವರಿಯ ನಂತರ ಯಾವ ಯಾವ ಬಂದರಿನಿಂದ ಎಷ್ಟು ಟನ್ ಅಡಿಕೆ ಬಂದಿದೆ? ಹುರಿದ ಅಡಿಕೆ ಎಂದು ತೋರಿಸಿ ಬಂದದ್ದೆಷ್ಟು? ಜಪ್ತಿಯಾದದ್ದೆಷ್ಟು? ಎಷ್ಟು ಪ್ರಕರಣಗಳಲ್ಲಿ ಶಿಕ್ಷೆಯಾಗಿದೆ?" ಈಗ ಸಚಿವಾಲಯ ಅಂಕಿ ಕೊಡಲೇಬೇಕು. ಕೊಟ್ಟ ಅಂಕಿ ದಾಖಲೆಯಾಗುತ್ತದೆ. ಬೆಳೆಗಾರರ ಸಂಘ ಅದನ್ನು ಹಿಡಿದು ಮುಂದಿನ ಹೆಜ್ಜೆ ಇಡಬಹುದು.

ಇಲ್ಲೇ ಹೆಚ್ಚು ಜನರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಉತ್ತರದಲ್ಲಿ ಸಚಿವರು "ಪರಿಶೀಲಿಸುತ್ತೇವೆ", "ಮಾಹಿತಿ ಸಂಗ್ರಹಿಸಿ ಸದನದ ಮುಂದಿಡುತ್ತೇವೆ" ಅಂದರೆ ಅದು ಸುಮ್ನೆ ಮಾತಲ್ಲ. ಅದನ್ನು ಭರವಸೆ ಅಂತ ಬರೆದುಕೊಳ್ಳುತ್ತಾರೆ. ಮೂರು ತಿಂಗಳೊಳಗೆ ಅದನ್ನು ಈಡೇರಿಸಬೇಕು. ಇದನ್ನು ನೋಡಿಕೊಳ್ಳಲೆಂದೇ ಸರ್ಕಾರಿ ಭರವಸೆಗಳ ಸಮಿತಿ 1953ರಿಂದ ಇದೆ. ಬೆನ್ನು ಬಿಡದೆ ಕೇಳುವ ಸಂಸದರಿಗೆ ಇದು ಒಳ್ಳೆಯ ಆಯುಧ.

ಭಾಷೆ ಬರುವುದಿಲ್ಲ ಎಂಬ ನೆಪವೂ ಈಗ ನಡೆಯುವುದಿಲ್ಲ. 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತನಾಡಿ ಆ ಬಾಗಿಲು ತೆರೆದರು. ಈಗಂತೂ ಅನುವಾದದ ಏರ್ಪಾಡು ಸದನದಲ್ಲೇ ಇದೆ.

ಎರಡನೆಯದು ಸ್ಥಾಯಿ ಸಮಿತಿ. ನನ್ನ ದೃಷ್ಟಿಯಲ್ಲಿ ಇದೇ ಮುಖ್ಯ. ಇಲಾಖೆಗಳ ಮೇಲೆ ಕಣ್ಣಿಡಲು ಇಂಥ 24 ಸಮಿತಿಗಳಿವೆ. ಒಂದೊಂದರಲ್ಲಿ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರು. ಸಚಿವರು ಇರುವ ಹಾಗಿಲ್ಲ. ಬಾಗಿಲು ಮುಚ್ಚಿ ಕೂತು ಮಸೂದೆಯ ಸಾಲು ಸಾಲು ನೋಡುತ್ತಾರೆ. ಕಾರ್ಯದರ್ಶಿಗಳನ್ನು ಕರೆಸುತ್ತಾರೆ, ರೈತರನ್ನೂ ಕರೆಸಬಹುದು. ಕ್ಯಾಮೆರಾ ಇಲ್ಲದ ಕಾರಣ ಕೂಗಾಟ ಕಡಿಮೆ, ಕೆಲಸ ಜಾಸ್ತಿ. ಮಲೆನಾಡಿನಲ್ಲಿ ಮಳೆಮಾಪನ ಯಂತ್ರ ಕೆಟ್ಟರೆ ವಿಮೆಯ ಗತಿ ಏನು ಎಂಬ ಪ್ರಶ್ನೆ ಕೃಷಿ ಸಮಿತಿಯ ವರದಿಯಲ್ಲಿ ಒಂದು ಪ್ಯಾರಾ ಆದರೆ, ಅದು ದೇಶದ ಎಲ್ಲ ರೈತರಿಗೂ ಆದ ಉಪಕಾರ.

ಆದರೆ ಈ ಸಮಿತಿಗಳಿಗೆ ಬರುವ ಮಸೂದೆಗಳೇ ಕಡಿಮೆಯಾಗಿವೆ. 15ನೇ ಲೋಕಸಭೆಯಲ್ಲಿ (2009–14) ಶೇ 71ರಷ್ಟು ಮಸೂದೆಗಳು ಸಮಿತಿಗೆ ಹೋಗಿದ್ದವು. 17ನೇ ಲೋಕಸಭೆಯಲ್ಲಿ (2019–24) ಅದು ಶೇ 16. ಸದನ ಸೇರುವ ದಿನಗಳೂ ಇಳಿದಿವೆ. ಮೊದಲ ಲೋಕಸಭೆ 677 ದಿನ ಸೇರಿತ್ತು. 17ನೆಯದು 274 ದಿನ. ಅವಧಿ ಪೂರ್ತಿ ಮಾಡಿದ ಲೋಕಸಭೆಗಳಲ್ಲೇ ಇದು ಅತಿ ಕಡಿಮೆ. 2020ರ ಮೂರು ಕೃಷಿ ಕಾಯ್ದೆಗಳು ಸಮಿತಿಗೆ ಹೋಗದೆ ಪಾಸಾದವು. ಮರುವರ್ಷ ನವೆಂಬರಿನಲ್ಲಿ ಅವುಗಳನ್ನು ವಾಪಸ್ ಪಡೆದದ್ದೂ ಚರ್ಚೆಯಿಲ್ಲದೆ. ಕಾಯ್ದೆ ಸರಿಯೋ ತಪ್ಪೋ ಎಂಬ ವಾದ ಬೇರೆ. ಬರುವಾಗಲೂ ಹೋಗುವಾಗಲೂ ನಮ್ಮ ಪ್ರತಿನಿಧಿಗಳು ಕೂತು ಬಿಡಿಸಿ ನೋಡಲಿಲ್ಲ ಎನ್ನುವುದು ಮಾತ್ರ ಎಲ್ಲರೂ ಒಪ್ಪಬೇಕಾದ ನಷ್ಟ.

"ಪಕ್ಷ ಹೇಳಿದ ಹಾಗೆ ಕೇಳಬೇಕಲ್ವಾ?"

ಸಂಸದರನ್ನು ಕೇಳಿದರೆ ಬರುವ ಉತ್ತರ ಇದು. ಅರ್ಧ ನಿಜ. 1985ರ 52ನೇ ತಿದ್ದುಪಡಿ ಪಕ್ಷಾಂತರ ನಿಷೇಧದ 10ನೇ ಷೆಡ್ಯೂಲನ್ನು ತಂದಿತು. ಪಕ್ಷದ ವಿಪ್, ಅಂದರೆ ಹೀಗೇ ಮತ ಹಾಕಬೇಕು ಎಂಬ ಆದೇಶ, ಮೀರಿ ಮತ ಹಾಕಿದರೆ, ಮತಕ್ಕೆ ಬಾರದೆ ಇದ್ದರೂ, ಸದಸ್ಯತ್ವ ಹೋಗಬಹುದು. ಹಣಕ್ಕೆ, ಕುರ್ಚಿಗೆ ಪಕ್ಷ ಬದಲಿಸುವುದನ್ನು ತಡೆಯಲು ಬಂದ ಕಾಯ್ದೆ, ಕ್ಷೇತ್ರದ ಪರವಾಗಿ ಬೇರೆ ಮತ ಹಾಕುವ ಸ್ವಾತಂತ್ರ್ಯವನ್ನೂ ಕಟ್ಟಿಹಾಕಿತು. ಬಹಳಷ್ಟು ಮಸೂದೆಗಳು ಧ್ವನಿಮತದಲ್ಲಿ ಪಾಸಾಗುವುದರಿಂದ ಯಾರು ಏನು ಮಾಡಿದರು ಅಂತ ಲೆಕ್ಕವೂ ಸಿಗುವುದಿಲ್ಲ.

ಆದರೆ ಉಳಿದರ್ಧವನ್ನೂ ಹೇಳಬೇಕು. ವಿಪ್‌ನ ಕಟ್ಟು ಸದನದ ಮತದಾನಕ್ಕೆ. ಪ್ರಶ್ನೆ ಕೇಳಲು ಯಾರ ವಿಪ್ಪೂ ಅಡ್ಡ ಬರುವುದಿಲ್ಲ. ಸಮಿತಿಯೊಳಗೆ ವಿಪ್ ಇಲ್ಲ. ಸಚಿವರಿಗೆ ಬರೆಯುವ ಪತ್ರಕ್ಕೂ ಇಲ್ಲ. ಕೇಂದ್ರ ತೆರಿಗೆ ಹಂಚಿಕೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದ ಶೇ 4.713ರಿಂದ 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿಯಿತು. ಅದರ ಬಗ್ಗೆ ದನಿ ಎತ್ತಿದರೆ ಯಾರ ಸದಸ್ಯತ್ವವೂ ಹೋಗುತ್ತಿರಲಿಲ್ಲ. ಆದರೂ 28 ಸಂಸದರು ಒಂದೇ ದನಿಯಲ್ಲಿ ಮಾತಾಡಿದ್ದನ್ನು ನಾವು ನೋಡಲಿಲ್ಲ. ಇಲ್ಲಿ ಅಡ್ಡ ಬಂದದ್ದು ಕಾನೂನಲ್ಲ, ಮುಂದಿನ ಸಲದ ಟಿಕೆಟ್ಟಿನ ಭಯ.

ಒಂಟಿ ಸದಸ್ಯರ ಮಾತು ಕಾಯ್ದೆಯಾಗುವುದಿಲ್ಲ ಎಂಬ ನಿರಾಸೆಯೂ ಪೂರ್ತಿ ಸರಿಯಲ್ಲ. ಹೌದು, ಸಚಿವರಲ್ಲದ ಸದಸ್ಯರು ತರುವ ಖಾಸಗಿ ಮಸೂದೆ ಕೊನೆಯ ಸಲ ಎರಡೂ ಸದನಗಳಲ್ಲಿ ಪಾಸಾದದ್ದು 1970ರಲ್ಲಿ. ಆದರೆ 2015ರಲ್ಲಿ ತಮಿಳುನಾಡಿನ ತಿರುಚ್ಚಿ ಶಿವ ತಂದ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಮಸೂದೆಯನ್ನು ರಾಜ್ಯಸಭೆ ಒಪ್ಪಿತು. ಅದು ಲೋಕಸಭೆಯಲ್ಲಿ ದಡ ಮುಟ್ಟಲಿಲ್ಲ, ನಿಜ. ಆದರೆ ಸರ್ಕಾರ ಆ ವಿಷಯವನ್ನು ಆಮೇಲೆ ಕೈಬಿಡಲು ಆಗಲಿಲ್ಲ. 2019ರಲ್ಲಿ ತನ್ನದೇ ಕಾಯ್ದೆ ತಂದಿತು.

ನಮ್ಮ ನೆಲದ ಉದಾಹರಣೆ ಇನ್ನೂ ದೊಡ್ಡದು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿಯ ಜನ ದಶಕಗಳ ಕಾಲ ಒಂದೇ ಮಾತು ಕೇಳಿದರು. ನಮ್ಮ ಮಕ್ಕಳಿಗೆ ಕಾಲೇಜಿನಲ್ಲಿ ಸೀಟು ಬೇಕು, ನಮ್ಮೂರಿನ ಕೆಲಸ ನಮಗೆ ಬೇಕು. ಇದಕ್ಕಿಂತ ಸ್ಥಳೀಯವಾದ ಬೇಡಿಕೆ ಯಾವುದಿದೆ? ಪಕ್ಕದ ತೆಲಂಗಾಣವನ್ನೂ ಒಳಗೊಂಡ ಆಗಿನ ಆಂಧ್ರಕ್ಕೆ 1970ರ ದಶಕದಲ್ಲೇ ಸ್ಥಳೀಯರಿಗೆ ಸೀಟು, ಕೆಲಸ ಮೀಸಲಿಡುವ ಸಂವಿಧಾನದ 371(ಡಿ) ವಿಧಿ ಸಿಕ್ಕಿತ್ತು. ಇಲ್ಲಿಗೆ ಸಿಗಲಿಲ್ಲ. ಬೀದಿಯಲ್ಲಿ ವೈಜನಾಥ ಪಾಟೀಲರಂಥವರು ಹೋರಾಟ ಬಿಡಲಿಲ್ಲ. ದೆಹಲಿಯಲ್ಲಿ ಆಗ ಕಲಬುರಗಿಯ ಸಂಸದರೂ ಕೇಂದ್ರ ಸಚಿವರೂ ಆಗಿದ್ದ ಮಲ್ಲಿಕಾರ್ಜುನ ಖರ್ಗೆ, ಬೀದರ್ ಸಂಸದರಾಗಿದ್ದ ಧರ್ಮಸಿಂಗ್ ಒತ್ತಡ ತಂದರು. 2012ರ ಡಿಸೆಂಬರಿನಲ್ಲಿ ಸಂಸತ್ತು ತಿದ್ದುಪಡಿಯನ್ನು ಒಪ್ಪಿತು. ಬೇರೆ ಬೇರೆ ಪಕ್ಷದವರು ಕೈ ಎತ್ತಿದರು. ಹೀಗೆ ಬಂದದ್ದು 371(ಜೆ). ಈಗ ಆ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಅಲ್ಲಿನ ಮಕ್ಕಳಿಗೆ ಶೇ 70ರಷ್ಟು ಸೀಟು, ರಾಜ್ಯದ ಉಳಿದ ಕಡೆ ಶೇ 8. ಅಲ್ಲಿ ಓದಿ ಡಾಕ್ಟರಾದ ಹುಡುಗಿಯ ಮನೆಯವರಿಗೆ ಇದು "ರಾಷ್ಟ್ರೀಯ ನೀತಿ" ಅಂತ ಅನ್ನಿಸುವುದಿಲ್ಲ. ಊರಿಗೆ ಆದ ಕೆಲಸ ಅಂತಲೇ ಅನ್ನಿಸುತ್ತದೆ. ಸಂಸದರ ನಿಧಿಯಿಂದ ಎಷ್ಟು ಭವನ ಕಟ್ಟಿಸಿದ್ದರೂ ಇದು ಆಗುತ್ತಿರಲಿಲ್ಲ.

ಜನ ಬೇಡ ಅಂದಾಗ

ಎಲ್ಲವೂ ಹೀಗೆ ಹೊಂದುವುದಿಲ್ಲ. ಕೆಲವು ಸಲ ದೇಶದ ನೀತಿ ಒಂದು ಕಡೆ, ಮತ ಹಾಕಿದವರು ಇನ್ನೊಂದು ಕಡೆ. ಪಶ್ಚಿಮ ಘಟ್ಟದ ವಿಷಯ ಅಂಥದ್ದು. 2011ರಲ್ಲಿ ಗಾಡ್ಗೀಳ್ ವರದಿ, 2013ರಲ್ಲಿ ಕಸ್ತೂರಿರಂಗನ್ ವರದಿ. ಘಟ್ಟದ ಸೂಕ್ಷ್ಮ ಪ್ರದೇಶಗಳನ್ನು ಗುರುತಿಸುವ ಕರಡು ಅಧಿಸೂಚನೆಗಳು 2014ರಿಂದ ಬರುತ್ತಲೇ ಇವೆ. ಆರನೆಯದು ಬಂದದ್ದು 2024ರ ಜುಲೈ 31ಕ್ಕೆ. ಆರು ರಾಜ್ಯಗಳ ಸುಮಾರು 56,800 ಚದರ ಕಿ.ಮೀ. ಸೂಕ್ಷ್ಮ ಪ್ರದೇಶ, ಅದರಲ್ಲಿ 20,668 ಕರ್ನಾಟಕದ್ದು. ಹಿಂದಿನ ದಿನವಷ್ಟೇ ವಯನಾಡಿನಲ್ಲಿ ಗುಡ್ಡ ಜಾರಿತ್ತು. ಅದಕ್ಕೆ ಎರಡು ವಾರ ಮೊದಲು ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಿತ್ತು.

ಮಲೆನಾಡಿನ ಜನರಿಗೆ ಭಯ ಇದೆ. ಒಕ್ಕಲೆಬ್ಬಿಸುತ್ತಾರೆ, ತೋಟ ಮಾಡಲು ಬಿಡುವುದಿಲ್ಲ, ಮನೆ ರಿಪೇರಿಗೂ ಅಪ್ಪಣೆ ಬೇಕು ಅಂತ. ಆ ಭಯವನ್ನು ಹಗುರವಾಗಿ ತಳ್ಳಿಹಾಕಬಾರದು. ಅರಣ್ಯ ಇಲಾಖೆಯ ಜೊತೆ ಅವರ ಅನುಭವ ಅಂಥದ್ದು. ಆದರೆ ಕರಡು ನಿಷೇಧಿಸಿದ್ದು ಗಣಿಗಾರಿಕೆ, ಕಲ್ಲು ಮತ್ತು ಮರಳು ಗಣಿ, ಉಷ್ಣ ವಿದ್ಯುತ್ ಸ್ಥಾವರ, ಅತಿ ಮಾಲಿನ್ಯದ ಕೈಗಾರಿಕೆ, 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡಗಳನ್ನು. ಇದ್ದ ಮನೆಯ ರಿಪೇರಿಯನ್ನಲ್ಲ. ಇದನ್ನು ಊರೂರಿಗೆ ಹೋಗಿ ಓದಿ ಹೇಳಬೇಕಾದವರು ಯಾರು? ಆಕ್ಷೇಪಣೆಗೆ ಇದ್ದ 60 ದಿನಗಳಲ್ಲಿ ಯಾವ ಸಾಲು ರೈತರಿಗೆ ಕುತ್ತು ತರಬಹುದು ಅಂತ ಗುರುತು ಹಾಕಿ, ಅದನ್ನು ಬದಲಿಸಿ ಎಂದು ಬರೆಯಬೇಕಾದವರು ಯಾರು? ನಾನು ಓದಿದ ಹೇಳಿಕೆಗಳಲ್ಲಿ ಬಹುತೇಕ ಎಲ್ಲ ಪಕ್ಷದವರದ್ದೂ "ವರದಿ ಜಾರಿಗೆ ಬಿಡುವುದಿಲ್ಲ" ಎಂಬ ಒಂದೇ ಸಾಲು. ಜನರ ಭಯಕ್ಕೆ ದನಿ ಕೊಡುವುದು ಅರ್ಧ ಕೆಲಸ. ಕರಡನ್ನು ಓದಿ ಹೇಳುವುದು ಉಳಿದರ್ಧ. ಕಷ್ಟದ ಅರ್ಧ ಅದು.

ಸಂಸದರ ಕಷ್ಟವನ್ನೂ ನೋಡಬೇಕು. ಲೋಕಸಭಾ ಸ್ಥಾನಗಳ ಹಂಚಿಕೆ 1971ರ ಜನಗಣತಿಗೆ ನಿಂತಿತು. ಆಗ ಒಬ್ಬ ಸಂಸದರಿಗೆ ಸುಮಾರು 10 ಲಕ್ಷ ಜನ. ಈಗ ದೇಶದ ಸರಾಸರಿ 25 ಲಕ್ಷ ದಾಟಿದೆ. ಬ್ರಿಟನ್ನಿನಲ್ಲಿ ಒಬ್ಬರಿಗೆ ಒಂದು ಲಕ್ಷದಷ್ಟು. ಕ್ಷೇತ್ರ ಮರುವಿಂಗಡಣೆಯ ಚರ್ಚೆ ಜೋರಾಗಿರುವುದು ಯಾವ ರಾಜ್ಯಕ್ಕೆ ಎಷ್ಟು ಸೀಟು ಎಂಬುದರ ಮೇಲೆ. ಅದು ಮುಖ್ಯವೇ. ಆದರೆ ಎಂಟು ವಿಧಾನಸಭಾ ಕ್ಷೇತ್ರ ಸುತ್ತಿ, ನೂರು ಮದುವೆಗೆ ಹೋಗಿ, ರಾತ್ರಿ ಕೂತು 80 ಪುಟದ ಮಸೂದೆ ಓದುವುದು ಒಬ್ಬರಿಂದ ಆಗುವ ಕೆಲಸವಲ್ಲ. ಓದಿ ಟಿಪ್ಪಣಿ ಮಾಡಿಕೊಡುವ ಒಳ್ಳೆಯ ಸಹಾಯಕರು ಬೇಕು. ನಮ್ಮ ಗೃಹಪ್ರವೇಶಕ್ಕೆ ಬರಲಿಲ್ಲ ಎಂಬ ಮುನಿಸನ್ನು ನಾವೂ ಬಿಡಬೇಕು.

ಊರು ಮತ್ತು ದೆಹಲಿ ಸೇರುವ ಒಂದು ಜಾಗ ಜಿಲ್ಲೆಯಲ್ಲೇ ಇದೆ. ದಿಶಾ ಸಭೆ. ಕೇಂದ್ರದ ಯೋಜನೆಗಳ ಪರಿಶೀಲನೆಗೆ 2016ರಲ್ಲಿ ಮಾಡಿದ ಈ ಸಮಿತಿಗೆ ಸಂಸದರೇ ಅಧ್ಯಕ್ಷರು. ಮೂರು ತಿಂಗಳಿಗೊಮ್ಮೆ ಸೇರಬೇಕು. ಜಲಜೀವನದ ನಲ್ಲಿಯಲ್ಲಿ ನೀರು ಯಾಕಿಲ್ಲ, ಹೆದ್ದಾರಿ ಕೆಲಸ ಯಾಕೆ ನಿಂತಿದೆ ಅಂತ ಅಧಿಕಾರಿಗಳನ್ನು ಕೇಳುವ ಜಾಗ ಅದು. ಅಲ್ಲಿ ಸಿಕ್ಕ ಉತ್ತರದಲ್ಲಿ ತಪ್ಪು ಯೋಜನೆಯದೇ ಎಂದು ಕಂಡರೆ, ಅದೇ ಕಾಗದ ಮುಂದಿನ ಅಧಿವೇಶನದ ಪ್ರಶ್ನೆಯಾಗಬಹುದು.

ಸಂಸತ್ತಿನ ವೆಬ್‌ಸೈಟಿನಲ್ಲಿ ಸಂಸದರ ಹೆಸರು ಹಾಕಿದರೆ ಅವರು ಕೇಳಿದ ಪ್ರಶ್ನೆಗಳೂ ಬಂದ ಉತ್ತರಗಳೂ ಸಿಗುತ್ತವೆ. ಯಾವ ಸಮಿತಿಯಲ್ಲಿದ್ದಾರೆ ಅಂತಲೂ ಇರುತ್ತದೆ. ಲೋಕಸಭೆಗೆ ನಾಗರಿಕರೇ ಅರ್ಜಿ ಕೊಡಬಹುದು, ಒಬ್ಬ ಸಂಸದರ ಸಹಿ ಬೇಕು ಅಷ್ಟೇ. ಮುಂಗಾರು ಅಧಿವೇಶನ ಸಾಮಾನ್ಯವಾಗಿ ಜುಲೈನಲ್ಲಿ ಶುರುವಾಗುತ್ತದೆ. ಪ್ರಶ್ನೆಗೆ ಕನಿಷ್ಠ 15 ದಿನ ಮೊದಲು ನೋಟಿಸ್ ಕೊಡಬೇಕು. ಬೆಳೆಗಾರರ ಸಂಘದ ಪತ್ರ, ಅಂಕಿ ಅಂಶ ಮತ್ತು ನೇರ ಪ್ರಶ್ನೆಗಳ ಜೊತೆ, ಜೂನ್ ಮುಗಿಯುವುದರೊಳಗೆ ಸಂಸದರ ಕಚೇರಿ ಸೇರಿರಬೇಕು.